ಕಡೀ ಪದದಿಂದ

ನಲವತ್ತೇಳರ ಉತ್ತರ ನಲವತ್ತೆಂಟಕ್ಕ ತುಂಬಿದಾಕಿ ನಾನು.
ಮುಂದಿನವೆಲ್ಲಾ ಒಂದೊಂದು ಮನಿ ಸರಕೊಂಡು ಕುಂತವು,
ಒಬ್ಬರ ಬಾಡಿಗಿ ಮನ್ಯಾಗ ಇನ್ನೊಬ್ಬರ ಸಂಸಾರ ಹೊಕ್ಕಂಗ.
ಗೊತ್ತಿತ್ತು ಎಲ್ಲಾ. ಅದ ಸಿಟ್ಟು.

‘ಗೊತ್ತಿತ್ತು’ ಅನ್ನೂದಕ್ಕ ಮಾರ್ಕ್ಸ್ ಇಲ್ಲವಾ, ಅಂದ
ವಿರೂಪಾಕ್ಷಿ ಕಾಕಾ, ಬೆಟಗೇರಿಯ ತನ್ನ ಪ್ರೆಸ್ಸಿನ್ಯಾಗ,
ಮಸಿ ಹತ್ತಿದ ಹೆಬ್ಬೆಟ್ಟಿಲೆ ಒಂದು ಕರಡು ಸರಸಿ.
ಮದುವಿ ಕಾರ್ಡು. ಅಬ್ಬಿಗೇರಿಯವರದು.
ಮೂರು ಸಲ ಓದಿದೆ. ಛಲೋ ಐತಿ ಅಂದೆ.
ನಕ್ಕ. ನೀ ಓದಲಿಲ್ಲ, ಗುರ್ತು ಹಿಡದಿ.
ಪರಿಚಯದವರ ಮಾರಿ ಯಾರು ದಿಟ್ಟಿಸಿ ನೋಡ್ತಾರ?
ಕಡೀ ಪದದಿಂದ ಹಿಂದಕ್ಕ ಬಾ.

ಬಯಸುವ. ಸುಖಾಗಮನವನ್ನು. ತಮ್ಮ.
ಅರ್ಥ ಉದುರಿ ಅಕ್ಷರ ಅಷ್ಟ ಉಳದವು,
ಮೊರದಾಗ ಹರವಿದ ಜ್ವಾಳದಂಗ.
ಸಿಕ್ಕಿತು ಹಳ್ಳು:
ಚೀಟಿಯೊಳಗ ಮುಹೂರ್ತ ೧೦-೧೨,
ಕಾರ್ಡಿನ್ಯಾಗ ೧೨-೧೦.

ಈಗ ಹನ್ನೊಂದು ದಿನ ಉಳದಾವ.
ಹೊಸಾದು ಓದೂದು ಬಿಟ್ಟೇನಿ.
ಮುಂಜಾನೆ ಒಂದು ಹಳೇ ಪ್ರಶ್ನೆಪತ್ರಿಕಿ, ಬಿಡಿಸಿ ಮುಗದ ಮ್ಯಾಲ ಕಡೀಂದ ವಾಪಸ್:
ಋಣ ಚಿಹ್ನೆ ಎಲ್ಲಿ ಉದುರಿತು,
‘ಅಲ್ಲ’ ಅನ್ನೂದು ಎಲ್ಲಿ ಕಣ್ಣು ತಪ್ಪಿಸಿತು,
ಐದು ಪ್ರಶ್ನೆಗೊಮ್ಮೆ ಬೆರಳು ನಂಬರಿನ ಮ್ಯಾಲ.
ಹತ್ತಕ್ಕ ದೀಪ ಆರಸ್ತೀನಿ.
ಅವ್ವ ಕತ್ತಲದಾಗ ಬಂದು ಹಣಿ ಮುಟ್ಟಿ ನೋಡ್ತಾಳ,
ಜ್ವರ ಏನರ ಬಂದೈತೇನು ಅಂತ.

ನಿನ್ನೆ ಸಂಜೀಕ ಪ್ರೆಸ್ಸಿನ ಬೋರ್ಡು ಬಲದಿಂದ ಓದಿದೆ.
‘ಮುದ್ರಾಣಲಯ’.
ಹದಿನಾರು ವರ್ಷಾತು ಕಾಕಾ, ಅಂದೆ.
ಅಂವ ಹೊರಗ ಬಂದು, ಚಷ್ಮಾ ಒರಸಿ,
ರಸ್ತೇದಾಗ ಭಾಳ ಹೊತ್ತು ನಿಂತ.
ದಿನಾ ಇದರ ಕೆಳಗ ಹಾದು ಹೋಗ್ತೀನಲ್ಲ, ಅಂದ.