ಒಂಬತ್ತನೆಯ ಸಾಲು

ಗೋಣಿಕೊಪ್ಪದ ಬ್ಯಾಂಕಿನಲ್ಲಿ ಪಾಸ್‌ಬುಕ್ ಯಂತ್ರ
ಕರ್ರೆಂದು ಉಗುಳಿತು ನನ್ನ ಬೆಲ್ಜಿಯಂ ಪ್ರವಾಸವನ್ನು:
ಅಣ್ಣನ ಮಗಳು ಗೋಲು ಕಾದ ಆರು ದಿನ,
ಒಟ್ಟು ಹನ್ನೊಂದು ಸಾಲು.
ಒಂಬತ್ತನೆಯದು ಮಾತ್ರ ಊದಿಕೊಂಡಿದೆ.

ನೆನಪಿದೆ. ಹಾಕಿ ಮೈದಾನದ ಪಕ್ಕದ ಅಂಗಡಿ,
ಉಣ್ಣೆ ಟೋಪಿ, ಹೊರಗೆ ಹಲ್ಲು ಕಟಕಟ ಚಳಿ.
ಕಾರ್ಡು ತೂರಿಸಿದೊಡನೆ ಮಷೀನು ಕೇಳಿತು,
ಯೂರೋವೋ, ರೂಪಾಯಿಯೋ?
ಅಷ್ಟು ದೂರದಲ್ಲಿ ರೂಪಾಯಿ ಅಂದರೆ
ಗುರುತಿಲ್ಲದ ಬಸ್‌ಸ್ಟ್ಯಾಂಡಿನಲ್ಲಿ
ನಮ್ಮ ಒಕ್ಕದವರೇ ಎದುರು ಬಂದ ಹಾಗೆ.
ಒತ್ತಿಬಿಟ್ಟೆ.

ಹೊರಡುವಾಗಲೇ ಹೇಳಿದ್ದಳು ದೇಚಮ್ಮ:
'ಅಲ್ಲಿ ಅಲ್ಲಿಯ ದುಡ್ಡನ್ನೇ ಒತ್ತು, ಅತ್ತೆ.
ರೂಪಾಯಿ ತೋರಿಸುವವನು
ದರವನ್ನೂ ತಾನೇ ಬರೆದಿರುತ್ತಾನೆ.'
ಎಂಟು ಸಲ ನೆನಪಿತ್ತು.

ನಾನೋ ಮೂವತ್ತು ವರ್ಷ ಕರಿಮೆಣಸು ಮಾರಿದವಳು.
ಹಿಡಿ ಕಾಳು ಅಂಗೈಯಲ್ಲಿ ಉರುಳಿಸಿ
'ತೇವ ಇದೆಯಲ್ಲಾ' ಎಂದು ರಾಗ ಎಳೆಯುವವರನ್ನು
ಅಂಗಳದಿಂದಲೇ ವಾಪಸು ಕಳಿಸಿದವಳು.
'ನಿಮಗ್ಯಾಕೆ ತೊಂದರೆ, ಲೆಕ್ಕ ನಾವೇ ಮಾಡ್ತೀವಿ'
ಅಂತ ಯಾರಾದರೂ ಅಂದರೆ
ಮೊದಲು ಬಗ್ಗಿ ತಕ್ಕಡಿಯ ಅಡಿ ನೋಡುವವಳು.

ಅಂಗೈಯಗಲದ ಮಷೀನಿಗೆ
ಅಡಿ ಎಲ್ಲಿರುತ್ತದೆ?

'ಸರಿಯಾಗೇ ಇದೆ ಮೇಡಂ, ನೀವೇ ಒಪ್ಪಿದ್ದು,'
ಕೌಂಟರಿನ ಹುಡುಗ ತಲೆ ಎತ್ತಲಿಲ್ಲ.
ಮುನ್ನೂರ ಹನ್ನೆರಡು ರೂಪಾಯಿ.
ಅರ್ಧ ಕಿಲೋ ಮೆಣಸೂ ಅಲ್ಲ, ಬಿಡಿ.

ಈಗ ಮಂಜು ಬೀಳುವ ಬೆಳಗು
ಕಣದಲ್ಲಿ ಕಾಳು ಹರವುವಾಗ ಅದೇ ಟೋಪಿ.
ಬೆಚ್ಚಗಿದೆ, ಇಲ್ಲ ಅನ್ನಲಾರೆ.
ಆ ಮುನ್ನೂರ ಹನ್ನೆರಡರ ಬಿಸಿ
ಯಾವ ಕಿವಿಯ ಮೇಲಿದೆ ಎಂದು
ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತೇನೆ.