ಕಟ್ಟದ ಮನೆಗಳು

ಹೋದ ಗುರುವಾರ ನಾವು ನಲವತ್ತೊಂದು ಮನೆ ಮಾರಿದೆವು.
ಒಂದಕ್ಕೂ ಗೋಡೆಯಿಲ್ಲ, ಬಾಗಿಲಿಲ್ಲ,
ಒಂದರ ಚಿಮಣಿಯಿಂದಲೂ ಹೊಗೆ ಎದ್ದದ್ದಿಲ್ಲ,
ಇನ್ನು ಏಳುವುದೂ ಇಲ್ಲ.
ಅದಕ್ಕೇ ದುಡ್ಡು ಕೊಟ್ಟರು.

ಅಡುಗೆಮನೆಯ ಸೂರು ಸೋರುತ್ತಿದೆ ಹದಿನಾರು ಬೇಸಗೆಯಿಂದ.
ಊಟದ ಪ್ರಾರ್ಥನೆಯ ನಡುವೆ
ಸೂಪಿನ ಪಾತ್ರೆಗೆ ಟಪ್ಪೆಂದು ಬೀಳುವ ಹನಿಯನ್ನು
ಮಕ್ಕಳು ಪವಿತ್ರಾತ್ಮ ಅನ್ನುತ್ತಿದ್ದರು.
ಪಾಸ್ಟರ್ ಇಲ್ಮಾರಿ ಬೈಯಲಿಲ್ಲ, ಕಣ್ಣೂ ತೆರೆಯಲಿಲ್ಲ.

ಡೆಟ್ರಾಯಿಟ್ಟಿನ ಬಿಲ್ಡರ್ ಒಬ್ಬ ಬಂದಿದ್ದ ಜನವರಿಯಲ್ಲಿ.
ಹೆಪ್ಪುಗಟ್ಟಿದ ಸರೋವರದ ದಡದಲ್ಲಿ
ಬೂಟಿನ ತುದಿಯಿಂದ ಹಿಮದ ಮೇಲೆ ಗೀಟು ಎಳೆದ:
ಇಲ್ಲೊಂದು, ಇಲ್ಲೊಂದು, ಒಂದೊಂದಕ್ಕೂ ದೋಣಿಕಟ್ಟೆ,
ಸೌನಾ ಇದ್ದಲ್ಲಿ ಕ್ಲಬ್ಬು.
ಕೆಟ್ಟವನಲ್ಲ. ಹೋಗುವಾಗ,
ಗಂಟೆ ಒಂದು ಸಲ ಬಾರಿಸಲೇ, ಅಂತ ಕೇಳಿದ.

ಅದು ತಾಮ್ರದ ಗಣಿಯಲ್ಲಿ ಪಾಳಿ ಬದಲಾಗುವಾಗ
ಅಜ್ಜನನ್ನು ಕೆಳಗಿಳಿಸಿದ, ಮೇಲೆ ಕರೆದ ಗಂಟೆ.
ಗಣಿ ಮುಚ್ಚಿದ ವರ್ಷ ನಮ್ಮ ಫಿನ್ನಿಷ್ ಹೆಂಗಸರು
ಏಲಕ್ಕಿ ಬನ್ನು ಮಾರಿ ಕೂಡಿಟ್ಟ ಕಾಸಿನಿಂದ
ಅದನ್ನೂ ಈ ಕಾಡನ್ನೂ ಕೊಂಡರು.
ಕಾಡು ಅಂದರೇನು, ಕಡಿದು ಬಿಟ್ಟ ಮೋಟುಗಳು, ನೂರಾತೊಂಬತ್ತು ಎಕರೆ.
ಈಗಿನ ಮರಗಳೆಲ್ಲ ಆಮೇಲಿನವು,
ನನಗಿಂತ ತುಸು ಹಿರಿಯವು.

ಟ್ರಸ್ಟಿನ ಹುಡುಗಿ ಮಾರಿಸೋಲ್ ನನ್ನ ಜೊತೆ ಮೂರು ದಿನ ಅಲೆದಳು.
ಇಂದು ಏನೇನು ಹೇಗಿದೆ ಎಂದು ಬರೆದಿಡಬೇಕಂತೆ,
ವರ್ಷವರ್ಷವೂ ಬಂದು ತಾಳೆ ನೋಡಬೇಕಂತೆ.
ಗೂಬೆ ಉಗುಳಿದ ಇಲಿಮೂಳೆ, ಕೊಳೆತ ಅಟ್ಟಣಿಗೆ,
ಸೀಡರಿನ ತೊಗಟೆಯಲ್ಲಿ ಹುಡುಗರು ಕೊರೆದ ಹೆಸರು, ಒಂದು ಬೈಗುಳ.
ಚಿತ್ರ ಎಂಬತ್ತೆರಡು: ದಡದ ಬಂಡೆ, ಪಾಚಿಯಿದೆ.
ಲೆಂಪಿ ಅಲ್ಲೇ ಕೂತು ನನಗೆ ಆಗುವುದಿಲ್ಲ ಅಂದದ್ದು.
ನಾನು ಹೇಳಲಿಲ್ಲ. ಅವಳು ಬರೆಯಲಿಲ್ಲ.

ಸಭೆಯಲ್ಲಿ ಬೇಡ ಎಂದವಳು ಔನೆ ಒಬ್ಬಳೇ.
ಎಂಬತ್ತಾರು ವರ್ಷ, ಕೈಯಲ್ಲಿ ಹೆಣೆಯುವ ಕಡ್ಡಿ.
"ಹುಟ್ಟದೇ ಇರುವವರ ಕೈ ಈಗಲೇ ಕಟ್ಟುತ್ತೀರಲ್ಲ,
ಅವರಿಗೆ ಚಳಿಯಾದರೆ?
ಈ ನೆಲ ಮಾರಿ ಒಂದು ಆಸ್ಪತ್ರೆ ಕಟ್ಟಬೇಕು ಅನ್ನಿಸಿದರೆ?"
ಯಾರೂ ಉತ್ತರ ಕೊಡಲಿಲ್ಲ.
ನಾನು ಕೈ ಎತ್ತಿದೆ, ಬೇಕು ಎಂದು.
ಉತ್ತರ ಈಗಲೂ ನನ್ನಲ್ಲಿಲ್ಲ.

ಸಹಿಯ ದಿನ ವಕೀಲ ಮೆಲ್ಲಗೆ ಓದಿದ:
ಅಡುಗೆಮನೆ ಬಿದ್ದರೆ ಅದೇ ಪಾಯದ ಮೇಲೆ ಎಬ್ಬಿಸಬಹುದು,
ಹತ್ತರಲ್ಲೊಂದು ಪಾಲು ದೊಡ್ಡದು, ಅಷ್ಟೇ.
ಸೌನಾಕ್ಕೆ ಬಿದ್ದ ಮರದ ಕಟ್ಟಿಗೆ ಸಾಕು, ನಿಂತದ್ದು ಬೇಡ.
ಹಾಗೇ ಇರತಕ್ಕದ್ದು,
ಆಚಂದ್ರಾರ್ಕ.

ಪ್ರತಿ ಭಾನುವಾರ ನಿತ್ಯಜೀವದ ಮಾತಾಡುವ ಇಲ್ಮಾರಿ
ಆ ಮಾತಿಗೆ ಪೆನ್ನು ಎತ್ತಿಬಿಟ್ಟ.
ಇಷ್ಟು ದಿನ ಅದು ಬಾಯಿಮಾತು,
ಈಗ ಸಾಕ್ಷಿಗಳಿದ್ದರು, ತಾರೀಕಿತ್ತು, ಮುದ್ರೆಯಿತ್ತು.
ಕಿಟಕಿಯಾಚೆ ಹಿಮ ಸೂರಿನಿಂದ ಜಾರಿ ಧೊಪ್ಪೆಂದಿತು.
ಆಮೇಲೆ ಬರೆದ, ತನ್ನ ಪೂರ್ತಿ ಹೆಸರು,
ಶಾಲೆಯ ಹುಡುಗನ ಹಾಗೆ ನಾಲಿಗೆ ಕಚ್ಚಿ.

ಇನ್ನೊಂದು ಸಾಲಿತ್ತು, ಸಣ್ಣ ಅಕ್ಷರದ್ದು:
ಮೇಲಿನದು ಮಾತ್ರ ನಮ್ಮದು.
ಕೆಳಗಿನ ಅದಿರನ್ನು ಕಂಪನಿ ತನಗೇ ಇಟ್ಟುಕೊಂಡಿದೆ,
ಮಾರಿದ ದಿನದಿಂದಲೂ.
ಸದ್ಯಕ್ಕೆ ತೋಡುವಷ್ಟಿಲ್ಲ ಎಂದು
ಭೂವಿಜ್ಞಾನಿಯೊಬ್ಬ ಬರೆದುಕೊಟ್ಟಿದ್ದಾನೆ.
ಸದ್ಯಕ್ಕೆ, ಎಂದು ಔನೆ ಕಡ್ಡಿಯಿಂದ ತೋರಿಸಿದಳು.

ಇವತ್ತು ಸಂಜೆ ಸೂರಿನ ಅಳತೆ ತೆಗೆದು ಇಳಿದವನು
ಸುಮ್ಮನೆ ಆ ಮನೆಗಳ ಕಡೆ ನಡೆದೆ.
ಬಿಲ್ಡರ್ ಎಳೆದ ಗೀಟಿನ ಮೇಲೆ ಎಷ್ಟು ಸಲ ಹಿಮ ಬಿದ್ದಿದೆಯೋ.
ಆದರೂ ಎಣಿಸಿದೆ, ಹೆಜ್ಜೆ ಹಾಕಿ.
ಹದಿನೇಳನೆಯದರ ಹಜಾರದಲ್ಲಿ ಒಂದು ನರಿ
ಅಡ್ಡ ಹಾಯಿತು, ಬಾಗಿಲು ತಟ್ಟದೆ,
ನಿಂತು ನನ್ನನ್ನು ನೋಡಿತು, ಬಾಡಿಗೆಯವನನ್ನು ನೋಡುವ ಹಾಗೆ.
ಇಬ್ಬರ ಕಾಲ ಕೆಳಗೂ, ಬಹಳ ಕೆಳಗೆ,
ಅಜ್ಜ ಬಿಟ್ಟುಬಂದ ತಾಮ್ರ.