ಗುಂಡಿಗೊಂದು ಹೆಸರು

ಬೈತಖೋಲ ಬಂದರಿನಲ್ಲಿ ಐಸ್ ಮಿಲ್ಲಿಗೆ ತಾಗಿದ ನನ್ನ ಅಂಗಡಿಗೆ
ಸೊಸೈಟಿಯವರು ಇಪ್ಪತ್ತಾರು ವೈರ್‌ಲೆಸ್ ಸೆಟ್ಟು ತಂದಿಟ್ಟು
ಹೇಳಿ ಹೋದರು: ಎಲ್ಲ ಗುಂಡಿಯ ಕೆಳಗೂ
ಕನ್ನಡದಲ್ಲಿ ಬರೆದುಕೊಡು ಮೇಸ್ತ, ಚೌತಿಯೊಳಗೆ.

ಧ್ವನಿ, ಸರಿ.
ಚಾನೆಲ್, ಅದೂ ಸರಿ, ಟೀವಿಯಿಂದಾಗಿ ಮಕ್ಕಳಿಗೂ ಗೊತ್ತು.
ಮೂರನೆಯದಕ್ಕೆ ಬ್ರಷ್ಷು ನಿಂತಿತು.
ಸ್ಕ್ವೆಲ್ಚ್.
ಪುರ್ಸು ತಾಂಡೇಲ ಅದನ್ನು ಸಿಕ್ಲೇಚಿ ಅನ್ನುತ್ತಾನೆ,
ಅವನ ಭಾವ ಬರೀ ಚಕ್ಲಿ.

ಅದರ ಕೆಲಸ ಹೇಳುವುದು ಕಷ್ಟವಲ್ಲ.
ಇಷ್ಟಕ್ಕಿಂತ ಸಣ್ಣದು ಬಂದರೆ, ಬಂದೇ ಇಲ್ಲ ಅನ್ನು.
ತಗ್ಗಿಸುವುದಲ್ಲ, ಮೆತ್ತಗೆ ಮಾಡುವುದಲ್ಲ,
ಸೊನ್ನೆ.
ಗಲ್ಲೆಯ ಮುಂದೆ ಕೂತ ಶೇಟರು ಎಂಟಾಣೆ ನಾಲ್ಕಾಣೆಯನ್ನು
ಲೆಕ್ಕದಲ್ಲೇ ಬಿಟ್ಟುಬಿಡುತ್ತಾರಲ್ಲ, ಹಾಗೆ.

ಡಿಪ್ಲೊಮಾದ ಹಳೆಯ ಪುಸ್ತಕ ತೆಗೆದೆ.
ಗೆದ್ದಲು ಉಳಿಸಿದ ಪುಟಗಳಲ್ಲೇ ಈ ಕೆಲಸಕ್ಕೆ ನಾಲ್ಕು ಹೆಸರು.
ಒಂದು ಕಡೆ ಗೇಟ್.
ಇನ್ನೊಂದು ಕಡೆ ಕೋರಿಂಗ್: ಸೊನ್ನೆಯ ಆಚೀಚೆ
ಅಂಟಿಕೊಂಡದ್ದನ್ನು ಕೆತ್ತಿ ತೆಗೆಯುವುದು,
ಎಣ್ಣೆ ಹಚ್ಚಿದ ಕೈಯಲ್ಲಿ ಹಲಸಿನ ಗೂಂಜು ಬಿಡಿಸಿದ ಹಾಗೆ.
ಡೆಡ್ ಝೋನ್ ಅನ್ನು ಸತ್ತ ಪಟ್ಟಿ ಮಾಡಿ
ಮೊದಲ ಸೆಟ್ಟಿಗೆ ಬರೆದೂ ಬಿಟ್ಟಿದ್ದೆ.
ಪುರ್ಸು ಬಾಗಿಲಲ್ಲೇ ನಿಂತು ಓದಿದ,
ಥಿನ್ನರ್ ಡಬ್ಬಿ ತಾನೇ ಎತ್ತಿಕೊಟ್ಟ.
"ಬೋಟಿನ ಮೇಲೆ ಆ ಶಬ್ದ ಬೇಡ."

ಹೊಸ್ತಿಲು ಅನ್ನಲೇ?
"ಹೊಸ್ತಿಲಿಗೆ ಅರಿಶಿನ ಹಚ್ಚುತ್ತಾರೆ, ಇದಕ್ಕೆ ಗ್ರೀಸು," ನಕ್ಕ.

ಹೊರಗೆ ನೆರಳಲ್ಲಿ ಬಲೆ ರಿಪೇರಿಗೆ ಕೂತಿದ್ದ ಸಾತೇರಿಬಾಯಿ
ಹಲ್ಲಲ್ಲಿ ಕಚ್ಚಿದ್ದ ನೂಲು ಬಿಟ್ಟು ಮಾತಾಡಿದಳು.
"ಸಣ್ಣದು ಬಿಟ್ಟು ದೊಡ್ಡದು ಹಿಡಿಯೋದಕ್ಕೆ ಹೆಸರಿಲ್ವಾ?
ಮತ್ತೆ ನಾ ಇಷ್ಟು ವರ್ಷ ಮಾಡಿದ್ದೇನು?"
ಹೆಬ್ಬೆರಳನ್ನು ಬಲೆಯ ಕಣ್ಣಲ್ಲಿ ತೂರಿಸಿ ತೋರಿಸಿದಳು.
"ಇದು ಬಂಗಡೆಗೆ.
ಇದಕ್ಕಿಂತ ಸಣ್ಣದು ದಾಟಿ ಹೋಗ್ತದೆ. ಬದುಕ್ಕೊಳ್ತದೆ."

ಹೆಸರು ಸಿಕ್ಕಿತು. ಊಟಕ್ಕೆ ಎದ್ದೆ.
ಆದರೆ ಕೊನೆಯ ಆ ಶಬ್ದ ಗಂಟಲಲ್ಲಿ ಮುಳ್ಳಾಗಿ ನಿಂತಿತು.
ಬಲೆ ದಾಟಿದ್ದಕ್ಕೆ ಕಡಲಿದೆ.
ಗುಂಡಿ ದಾಟದೆ ಉಳಿದದ್ದಕ್ಕೆ?

ರಾತ್ರಿ ಶಟರ್ ಎಳೆದು ಒಂದು ಸೆಟ್ಟಿಗೆ ಬ್ಯಾಟರಿ ಕಟ್ಟಿದೆ.
ಗುಂಡಿಯನ್ನು ಎಡಕ್ಕೆ, ಕಟ್ಟಕಡೆಗೆ ತಿರುಗಿಸಿದೆ.
ಕಾವಲಿಯಲ್ಲಿ ಶೆಟ್ಲಿ ಹುರಿದ ಹಾಗೆ ಒಂದೇ ಸಮನೆ ಸದ್ದು.
ಕಿಟಕಿಯಲ್ಲಿ ದೇವಗಡದ ದೀಪ ಬಂದು ಹೋಯಿತು, ಬಂದು ಹೋಯಿತು.
ಆ ಸದ್ದಿನ ಅಡಿಯಲ್ಲಿ,
ಅಡಿ ಹಿಡಿದ ಅನ್ನದಷ್ಟು ಕೆಳಗೆ,
ಒಬ್ಬ ಹುಡುಗ.
ಭಟ್ಕಳದ ಕಡೆಯವನಿರಬೇಕು, ರಾಗ ಹಾಗಿತ್ತು.
ಯಾರನ್ನೂ ಕೂಗುತ್ತಿರಲಿಲ್ಲ, ಅಪಾಯ ಏನೂ ಇರಲಿಲ್ಲ.
ಮೀನಿನ ಪೆಟ್ಟಿಗೆ ಎಣಿಸುತ್ತಿದ್ದ.
ಮೂವತ್ತೆಂಟು. ಮೂವತ್ತೊಂಬತ್ತು.

ಗುಂಡಿಯನ್ನು ಕೂದಲೆಳೆಯಷ್ಟು ಬಲಕ್ಕೆ ತಿರುಗಿಸಿದೆ.
ಶಾಂತಿ. ಕಂಪನಿಯವರು ಪೋಸ್ಟರಿನಲ್ಲಿ ಹೊಗಳುವಂಥದ್ದೇ.
ಪಕ್ಕದ ಮಿಲ್ಲಿನಲ್ಲಿ ಐಸು ತೊಟ್ಟಿಕ್ಕುವುದು ಕೇಳಿಸಿತು,
ನನ್ನದೇ ಕೈಗಡಿಯಾರ ಕೇಳಿಸಿತು.
ಮತ್ತೆ ಎಡಕ್ಕೆ.
ನಲವತ್ತೇಳು.

ನಾನಿಲ್ಲದೆಯೂ ಏಳು ಪೆಟ್ಟಿಗೆ ಇಳಿದಿದ್ದವು.

ಬೆಳಿಗ್ಗೆ ಇಪ್ಪತ್ತಾರಕ್ಕೂ ಬಿಳಿ ಬಣ್ಣದಲ್ಲಿ
ಬಲೆಕಣ್ಣು ಎಂದು ಬರೆದೆ,
ಎಡಕ್ಕೊಂದು ಚುಕ್ಕೆ, ಬಲಕ್ಕೊಂದು ದೊಡ್ಡ ಸೊನ್ನೆ.
ಸೆಕ್ರೆಟರಿ ಕನ್ನಡಕ ಏರಿಸಿ
ಇದು ಡಿಕ್ಷನರಿಯಲ್ಲಿ ಇದೆಯೇ ಎಂದು ಕೇಳಿ
ಬಿಲ್ಲಿನಲ್ಲಿ ಇನ್ನೂರು ರೂಪಾಯಿ ಹೊಡೆದುಹಾಕಿದರು.
ಇನ್ನೂರು ಅವರ ಕಣ್ಣಿಗೆ ಸಣ್ಣದು.

ಪುರ್ಸುವಿನ ಸೆಟ್ಟಿಗೆ ಮಾತ್ರ
ಚುಕ್ಕೆಯ ಹತ್ತಿರ, ಮೊಳೆಯಿಂದ, ಒಂದು ಗೀರು ಎಳೆದುಕೊಟ್ಟೆ.
"ಇದೇನು?"
ರಾತ್ರಿ ಇದಕ್ಕಿಂತ ಆಚೆ ತಿರುಗಿಸಬೇಡ, ಅಂದೆ.
"ಕರಕರ ಅಂತದಲ್ಲ ಮಾರಾಯ, ನಿದ್ದೆ ಹ್ಯಾಗೆ?"

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.
ಎಷ್ಟು ಪೆಟ್ಟಿಗೆಗೆ ಲೆಕ್ಕ ಮುಗಿಯಿತೋ ಅದೂ ಗೊತ್ತಿಲ್ಲ,
ಐವತ್ತೆರಡಕ್ಕೆ ನನ್ನ ಬ್ಯಾಟರಿ ಇಳಿದಿತ್ತು.